ಗಾಜಿನ ಮೇಲಿನ ವಿಭೂತಿ

ಶಿವರಂಜನಿಯ ಎಡಗಾಲಿನಲ್ಲಿ, ಮೊಳಕಾಲ ಕೆಳಗಿನ ಎಲುಬಿನ ಮೇಲೆ ಒಂದು ಹೆಬ್ಬೆರಳಷ್ಟು ಜಾಗ. ಅಲ್ಲಿ ಮುಟ್ಟಿದರೆ ಸಾಕು, ನನ್ನ ಮಗಳು ತುಟಿ ಕಚ್ಚಿಕೊಳ್ಳುತ್ತಿದ್ದಳು. ಹದಿನೈದು ವರ್ಷ, ಎಂಟುನೂರು ಮೀಟರ್ ಓಡುತ್ತಾಳೆ. ಸಂಜೆ ಎಣ್ಣೆ ಹಚ್ಚುವಾಗ ಆ ಜಾಗ ಬಿಟ್ಟು ಸುತ್ತ ಹಚ್ಚುತ್ತಿದ್ದೆ.

"ದವಾಖಾನಿಗೆ ಹೋಗಿ ಬರೋಣ ನಡಿ."

"ಬ್ಯಾಡ ಯವ್ವಾ. ದೇವಿಂದ್ರ ಸರ್ ನೋಡ್ಯಾರ. ನರ ಹಿಡಿದದಂತ. ಯಾದಗಿರಿ ಓಟ ಒಂದು ಮುಗೀಲಿ."

ದೇವಿಂದ್ರ ಸರ್ ಸುರಪುರದಲ್ಲಿ ಓಟದ ಮಕ್ಕಳನ್ನು ತಯಾರು ಮಾಡುವವರು. ನೋವಾದರೆ ಪಟ್ಟಿ ಕಟ್ಟುವವರೂ ಅವರೇ, ಸೂಜಿ ಹಾಕುವವರೂ ಅವರೇ. ಹಳೇ ಗಿರಣಿಯ ಉದ್ದನೆಯ ಕೋಣೆ ಅವರ ತರಬೇತಿ ಕೇಂದ್ರ. ಗೋಡೆಯ ಮೇಲೆ ಗಾಜು ಹಾಕಿಸಿದ ಸರ್ಟಿಫಿಕೇಟು, ಬಂಗಾರದ ಬಣ್ಣದ ಮುದ್ರೆ.

ಕೇಂದ್ರ ತೆರೆದ ದಿನ ಪೂಜೆಗೆ ನಿಂತವಳು ನಾನು. ತಕ್ಕಡಿಗೆ, ಹೊಲಿಗೆ ಮಷೀನಿಗೆ ಹಚ್ಚುವ ಹಾಗೆ ಆ ಗಾಜಿಗೂ ಮೂರು ಬೆರಳಲ್ಲಿ ವಿಭೂತಿ ಎಳೆದೆ. ನಾನು ಗಿಡ್ಡಿ. ಬೆಂಚು ಹತ್ತಿದರೂ ಕೈಗೆ ಸಿಕ್ಕಿದ್ದು ಕೆಳಗಿನ ಸಾಲುಗಳು ಮಾತ್ರ. ಆಮೇಲೆ ಪ್ರತಿ ಸೋಮವಾರ, ಮಕ್ಕಳು ಓಡುತ್ತಿರುವಾಗ ಸುಮ್ಮನೆ ಕೂರಲಾಗದೆ ಕಸ ಗುಡಿಸಿ, ವಿಭೂತಿ ಕಲಸಿ ಅದರ ಮೇಲೇ ಮತ್ತೆ ಎಳೆಯುತ್ತಿದ್ದೆ. ಪದರದ ಮೇಲೆ ಪದರ ಕೂತು ಸುಣ್ಣದ ಹಾಗೆ ಗಟ್ಟಿಯಾಗಿತ್ತು.

ಒಮ್ಮೆ ಶಿವರಂಜನಿಯ ಜೊತೆ ಓಡುತ್ತಿದ್ದ ಮಲ್ಲೇಶ್ವರಿಯ ತಾಯಿ ಸವಿತಾ ಅದನ್ನು ಒರೆಸಲು ಹೋದಾಗ ಸರ್ ಓಡಿಬಂದು ತಡೆದಿದ್ದರು. "ಇರಲಿ ಬಿಡ್ರಿ. ಈ ಅಕ್ಕಾರ ಕೈಗುಣಕ್ಕೇ ಹುಡುಗ್ಯಾರು ಗೆಲ್ಲಾಕತ್ತಾರ." ನಾನು ಹಿಗ್ಗಿದೆ.

ಮಲ್ಲೇಶ್ವರಿ ಈಗ ಬರುವುದಿಲ್ಲ. ಮನೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳೆಂದು ಸರ್ ಹೇಳಿದ್ದರು.

ಓಟದ ದಿನವೂ ಸೋಮವಾರವೇ. ಬೆಳಿಗ್ಗೆ ಆರಕ್ಕೆ ಸರ್ ಮಕ್ಕಳನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಶಿವರಂಜನಿಯ ಓಟ ಮಧ್ಯಾಹ್ನ ಒಂದಕ್ಕೆ. ಮನೆಯ ಕೆಲಸ ಮುಗಿಸಿ, ಗಿರಣಿ ಕೋಣೆ ಗುಡಿಸಿಯೇ ಬಸ್ಸು ಹಿಡಿಯೋಣವೆಂದು ಉಳಿದೆ. ಕಸಬರಿಗೆ ಕೈಯಲ್ಲಿರುವಾಗಲೇ ಫೈಲು ಹಿಡಿದ ಹೆಣ್ಣುಮಗಳೊಬ್ಬಳು ಒಳಗೆ ಬಂದಳು. ಹೆಸರು ಕಹಕಶಾ, ಆರೋಗ್ಯ ಇಲಾಖೆಯವಳು.

"ದೇವಿಂದ್ರ ಅವರ ನೋಂದಣಿ ನಂಬರ್ ಬೇಕಾಗಿತ್ರಿ ಅಕ್ಕಾ."

"ಗ್ವಾಡಿ ಮ್ಯಾಗ ಅದ ನೋಡ್ರಿ ಮೇಡಂ, ಇಷ್ಟು ದೊಡ್ಡದು."

ಆಕೆ ಕತ್ತೆತ್ತಿ ನೋಡಿದಳು. "ಬೇಕಾದ ಜಾಗಾನೇ ಕಾಣವಲ್ದಲ್ರಿ. ಯಾರ್ರಿ ಇಷ್ಟು ಭಕ್ತರು?"

"ನಾನೇ ರೀ," ಎಂದು ನಕ್ಕೆ. ಆಕೆ ನಗಲಿಲ್ಲ.

ಬೆಂಚು ಹತ್ತಿ ಸೆರಗು ಒದ್ದೆ ಮಾಡಿ ಒರೆಸಿದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ. ಅಕ್ಷರಗಳು ಒಂದೊಂದಾಗಿ ಹೊರಗೆ ಬಂದವು. 'ಎರಡು ದಿನಗಳ ಶಿಬಿರದಲ್ಲಿ ಹಾಜರಿದ್ದುದಕ್ಕೆ ಮಾತ್ರ. ಚಿಕಿತ್ಸೆ ನೀಡಲು ಇದು ಪರವಾನಗಿ ಅಲ್ಲ.'

ಕಹಕಶಾ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು. "ಸವಿತಾ ಅರ್ಜಿ ಕೊಟ್ಟಾಳ್ರಿ. ಆಕಿ ಮಗಳು ಜಾರಿ ಬಿದ್ದಿಲ್ಲ. ಎಲುಬಿನಾಗ ಕೂದಲೆಳಿಯಷ್ಟು ಸೀಳು ಇತ್ತು. ಈತ ಮರಗಟ್ಟೋ ಸೂಜಿ ಹಾಕಿ ಓಡಿಸ್ಯಾನ. ಓಡೋವಾಗಲೇ ಲಟಕ್ಕಂತ ಮುರೀತು. ಈಗ ಇಲ್ಲಿ ಯಾರಿಗರೆ ಕಾಲು ನೋವು ಅದ ಏನ್ರಿ?"

"ನನ್ನ ಮಗಳಿಗೆ ಅದ ರೀ. ಇವತ್ತು ಯಾದಗಿರ್ಯಾಗ ಓಡತಾಳ," ಎನ್ನುತ್ತಲೇ ಬೆಂಚಿನಿಂದ ಇಳಿದೆ.

"ನಾ ಯಾದಗಿರಿ ಆಫೀಸಿಗೆ ಫೋನ್ ಹಚ್ಚತೀನಿ. ನೀವು ಮೊದಲು ಹೊಂಡ್ರಿ," ಎಂದಳು.

ಬಸ್ಸು ಶಹಾಪುರದಲ್ಲಿ ನಿಂತೇ ಬಿಟ್ಟಿತು. ಡ್ರೈವರ್ ಚಹಾಕ್ಕೆ ಇಳಿದ. ಮಗಳ ಹತ್ತಿರ ಫೋನಿಲ್ಲ. ಸರ್‌ಗೇ ಹಚ್ಚಿದೆ. "ಆಕಿಯನ್ನ ಓಡಿಸಬ್ಯಾಡ್ರಿ," ಎಂದೆ.

"ಯಾಕ್ರಿ ಅಕ್ಕಾ? ಕುಣಿಯಾಕತ್ತಾಳ ನಿಮ್ಮ ಹುಡುಗಿ. ನೋವೇ ಇಲ್ಲ ಅಂತಾಳ." ಹಿಂದೆ ಯಾರದೋ ಸೀಟಿ ಕೇಳಿಸಿತು. ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

ಯಾದಗಿರಿಯ ಮೈದಾನ ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷ. ಶಿವರಂಜನಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮುಖ ಅರಳಿತ್ತು.

"ಬಂದೀ ಯವ್ವಾ! ಸೂಜಿ ಹಾಕಿದ ಮ್ಯಾಗ ಒಂಚೂರೂ ನೋವಿಲ್ಲ ನೋಡು. ಮೈ ಬಿಸಿ ಆಗಲಿ ಅಂತ ನಾಕು ಸುತ್ತು ಓಡಿದೆ."

ನಾನು ಕೂತು ಆ ಜಾಗದ ಮೇಲೆ ಹೆಬ್ಬೆರಳಿಟ್ಟೆ. ಮೆಲ್ಲಗೆ ಒತ್ತಿದೆ. ಆಮೇಲೆ ಜೋರಾಗಿ ಒತ್ತಿದೆ. ಅವಳು ಓಟದ ಹಾದಿಯ ಕಡೆ ನೋಡುತ್ತಾ ಕಿಲಕಿಲ ನಗುತ್ತಿದ್ದಳು. "ಆ ಕೊಂಕಲ್ ಊರಿನ ಹುಡುಗೀನ ನೋಡು, ಈಗಲೇ ಅಳು ಮಾರಿ ಮಾಡ್ಯಾಳ!"

"ನಾ ಎಲ್ಲಿ ಒತ್ತಾಕತ್ತೀನಿ, ಹೇಳು."

ಅವಳು ಕೆಳಗೆ ನೋಡಿದಳು. "ಒತ್ತಾಕತ್ತೀ ಏನು?"

ಮೈಕಿನಲ್ಲಿ ಅವಳ ಹೆಸರು ಕೂಗಿದರು. ದೇವಿಂದ್ರ ಸರ್ ಬಿರಬಿರನೆ ಬಂದರು. "ಬಿಡ್ರಿ ಅಕ್ಕಾ, ಟೈಮಾತು." ಅಷ್ಟರಲ್ಲಿ ಅವರ ಕಣ್ಣು ನನ್ನ ಉಗುರುಗಳ ಮೇಲೆ ಬಿತ್ತು. ಸಂದಿಯಲ್ಲೆಲ್ಲ ಬಿಳಿ ವಿಭೂತಿ ತುಂಬಿತ್ತು. ಮಗಳ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

"ಯವ್ವಾ, ಬಿಡು! ಎಲ್ಲಾರೂ ನಿಂತಾರ," ಎಂದು ಮಗಳು ಕಾಲು ಎಳೆದುಕೊಳ್ಳಲು ನೋಡಿದಳು.

ಎರಡೂ ಕೈಯಿಂದ ಹಿಡಿದುಕೊಂಡೆ. ಅಳತೊಡಗಿದಳು, ಬೈದಳು. ಮೈಕು ಎರಡನೇ ಸಲ ಕೂಗಿತು, ಮೂರನೇ ಸಲ ಕೂಗಿತು. ನಾನು ಬಿಡಲಿಲ್ಲ. ನಿನ್ನೆ ಸಂಜೆ ಸುತ್ತ ಎಣ್ಣೆ ಹಚ್ಚುವಾಗ ಕಣ್ಣಿಗೆ ಕಾಣದಿದ್ದ ಎಲುಬಿನ ಒಂದು ಸಣ್ಣ ಉಬ್ಬು ನನ್ನ ಹೆಬ್ಬೆರಳ ಕೆಳಗೆ ಇತ್ತು. ಅವಳು ಕಾಲು ಕೊಸರಿದಾಗಲೆಲ್ಲ ಅದು ಮೆಲ್ಲಗೆ ಅಲುಗುತ್ತಿತ್ತು.