ಇಂದ್ರಾಬಾಯಿಯ ನಾಲ್ಕು ಚೀಟಿ

ನನಗಂತೂ ಸಾಕಾಗಿಹೋಗಿದೆ. ಒಂಬತ್ತು ತಿಂಗಳಿಂದ ಪ್ರತಿ ಗುರುವಾರ ಸಂಜೆ ಐದಕ್ಕೆ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ಪ್ರಜಾಪ್ರಭುತ್ವದ ಬಗ್ಗೆ ಮಾತಾಡುತ್ತಿದ್ದೇನೆ. ಇದಕ್ಕೆ ಫೆಲೋಶಿಪ್ ಅನ್ನುತ್ತಾರೆ, ಮನೆಯಲ್ಲೇ ಕೂತು ಮಾಡುವ ಸಂಶೋಧನೆ. ಪರದೆಯ ಮೇಲೆ ಹನ್ನೊಂದು ಚೌಕ. ಹತ್ತರಲ್ಲಿ ದೊಡ್ಡ ದೊಡ್ಡ ಓದು ಓದಿದವರು. ಹನ್ನೊಂದನೆಯದರಲ್ಲಿ ನಾನು, ಗುಲಶನ, ಕುರ್ಲಾದ ಚಾಳಿನಲ್ಲಿ ಇಪ್ಪತ್ತು ವರ್ಷದಿಂದ ಜನರ ರೇಷನ್ ಕಾರ್ಡು, ವೋಟರ್ ಲಿಸ್ಟಿನ ಫಾರ್ಮು ತುಂಬಿಕೊಡುವವಳು. ಓದಿದವರಷ್ಟೇ ಅಲ್ಲ, ಜನರ ನಡುವೆ ಕೆಲಸ ಮಾಡಿದವರೂ ಬೇಕಂತೆ, ಅದಕ್ಕೇ ನನ್ನನ್ನು ಆರಿಸಿದರು.

ನನ್ನ ಮಾರ್ಗದರ್ಶಕಿ ಸ್ನೇಹಲ್ ಮೇಡಂ ಇರುವುದು ಮುಲುಂಡಿನಲ್ಲಿ. ಲೋಕಲ್ ಹತ್ತಿದರೆ ಅರ್ಧ ಗಂಟೆ, ಆದರೂ ಒಮ್ಮೆಯೂ ಎದುರುಬದುರು ಕೂತಿಲ್ಲ. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಅವರಿಗೆ ನಮ್ಮ ಚಾಳಿನ ನೀರಿನ ಚಾವಿಯ ಕತೆ ಬರೆದು ಕಳಿಸಿದ್ದೇ ಎಡವಟ್ಟಾಯಿತು.

ನಮ್ಮಲ್ಲಿ ನೀರು ಬರುವುದು ಬೆಳಿಗ್ಗೆ ಆರಕ್ಕೆ, ಒಂದೇ ಗಂಟೆ. ವಾಲ್ವಿನ ಪೆಟ್ಟಿಗೆಯ ಚಾವಿ ಯಾರ ಹತ್ತಿರ ಇರಬೇಕು ಅನ್ನುವುದನ್ನು ವರ್ಷಕ್ಕೊಮ್ಮೆ ಹೆಂಗಸರೇ ತೀರ್ಮಾನಿಸುತ್ತೇವೆ. ಇಬ್ಬರು ನಲ್ಲಿಯ ಆಚೆ ಈಚೆ ನಿಲ್ಲುತ್ತಾರೆ. ಉಳಿದವರು ಖಾಲಿ ಕೊಡ ತಂದು ತಮಗೆ ಬೇಕಾದವಳ ಹಿಂದೆ ಇಡುತ್ತಾರೆ. ಹದಿನೆಂಟು ವರ್ಷದಿಂದ ಕೊಡಗಳೆಲ್ಲ ಇಂದ್ರಾಬಾಯಿಯ ಹಿಂದೆಯೇ. ಎದುರು ನಿಂತವಳಿಗೆ ಅವಳದೇ ಕೊಡ ಗತಿ.

ಇದು ಮತದಾನವಲ್ಲ, ಮುಲಾಜು ಎಂದರು ಮೇಡಂ. ಎಲ್ಲರ ಕಣ್ಣೆದುರು ಕೊಡ ಇಡುವಾಗ ಯಾರು ತಾನೇ ಬೇಡ ಅಂದಾರು, ಈ ಸಲ ಗುಟ್ಟಾಗಿ ಚೀಟಿ ಹಾಕಿಸಿ ನೋಡಿ, ಅದೇ ನಿಮ್ಮ ಕೊನೆಯ ವರದಿಯಾಗಲಿ ಎಂದರು. ನಾನೂ ಹೂಂ ಅಂದೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ.

ಇಂದ್ರಾಬಾಯಿ ಕಲಬುರ್ಗಿ ಕಡೆಯವಳು. ಗಂಡನಿಲ್ಲ, ಮಕ್ಕಳಿಲ್ಲ. ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡ ಆ ಚಾವಿಯೇ ಆಕೆಯ ಮಾನ ಮರ್ಯಾದೆ ಎಲ್ಲ. ಮಹಾ ಜಗಳಗಂಟಿ. ಎರಡು ನಿಮಿಷ ತಡವಾಗಿ ಬಂದವರನ್ನು ವಂಶ ಎತ್ತಿ ಬೈಯುತ್ತಾಳೆ. ಆದರೆ ನನ್ನ ಅಮ್ಮಿ ತೀರಿಕೊಂಡ ಮಧ್ಯಾಹ್ನ, ಮೈಯತ್‌ಗೆ ಸ್ನಾನ ಮಾಡಿಸಲು ಹನಿ ನೀರಿಲ್ಲದಾಗ, ತನ್ನ ಮನೆಯ ಡ್ರಮ್ಮು ಬರಿದು ಮಾಡಿ ಕೊಡ ಕೊಡ ಹೊತ್ತು ತಂದವಳೂ ಆಕೆಯೇ.

ಭಾನುವಾರ ಚೀಟಿ ಹಾಕಿಸಿದೆ. ಎದುರಿಗೆ ಒಬ್ಬರು ಇರಲಿ ಎಂದು ನಮ್ಮ ಚಾಳಿನವಳೇ ಆದ ಭುವನೇಶ್ವರಿ ನಿಂತಿದ್ದಳು. ಬರೆಯಲು ಬಾರದವರು ನನ್ನ ಕಿವಿಯಲ್ಲಿ ಹೆಸರು ಹೇಳಿದರು, ನಾನು ಬರೆದೆ. ಎಣಿಸಿದವಳೂ ನಾನೇ. ಭುವನೇಶ್ವರಿಗೆ ಮೂವತ್ತು, ಇಂದ್ರಾಬಾಯಿಗೆ ನಾಲ್ಕು. ಇಂದ್ರಾಬಾಯಿ ಕೊರಳಿನ ಚಾವಿ ತೆಗೆದು ಭುವನೇಶ್ವರಿಯ ಕೈಗಿಟ್ಟು ಒಳಗೆ ಹೋದಳು.

ಸಂಜೆಯಿಂದಲೇ ಹೆಂಗಸರು ಆಕೆಯ ಮನೆಗೆ ಹೋಗಲು ಶುರುಮಾಡಿದರು. ಮೊದಲು ಹೋದವಳು ಪಕ್ಕದ ಖೋಲಿಯ ನಾಗವ್ವ. ನಾನು ನಿನಗೇ ಹಾಕಿದ್ದೆ ಎಂದು ಗಳಗಳ ಅತ್ತಳಂತೆ. ನಾಗವ್ವನ ಚೀಟಿ ಬರೆದವಳು ನಾನು. ಭುವನೇಶ್ವರಿ ಎಂದು ನನ್ನ ಕೈಯಾರೆ ಬರೆದಿದ್ದೇನೆ. ಆಮೇಲೆ ಒಬ್ಬೊಬ್ಬರಾಗಿ ಇನ್ನೂ ಹಲವರು ಹೋಗಿ ಅದನ್ನೇ ಹೇಳಿ ಬಂದರು.

ಗುರುವಾರ ಐದಕ್ಕೆ ಹತ್ತು ನಿಮಿಷ ಇರುವಾಗ ಇಂದ್ರಾಬಾಯಿ ನನ್ನ ಬಾಗಿಲಿಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಪ್ಪತ್ತೆರಡು ಮಂದಿ ಮನಿಗಿ ಬಂದು, ನಿನಗೇ ಹಾಕೀವಿ ಅಂದಾರ," ಎಂದಳು. "ಡಬ್ಬ್ಯಾಗ ನಾಕೇ ಬಂದಾವ. ಎಣಿಸ್ದಾಕಿ ನೀನು."

ಎಣಿಕೆ ಸರಿಯಿದೆ ಎಂದೆ. ಹಾಗಾದರೆ ಅವರೆಲ್ಲ ಸುಳ್ಳು ಹೇಳಿದರೇನು ಎಂದು ಕೇಳಿದಳು. ಚೀಟಿಯ ಡಬ್ಬಿ ಅಲ್ಲೇ ಹಲಗೆಯ ಮೇಲಿತ್ತು. ಸುರುವಿ ತೋರಿಸಿದರೆ ನಾನು ಪಾರಾಗುತ್ತಿದ್ದೆ. ಆದರೆ ಇಂದ್ರಾಬಾಯಿಗೆ ಓದಲು ಬರುತ್ತದೆ, ಚಾಳಿನವರ ಕೈಬರಹವೂ ಗೊತ್ತು. ಯಾರದೂ ಯಾರಿಗೂ ತಿಳಿಯುವುದಿಲ್ಲ ಎಂದು ಎಲ್ಲರಿಗೂ ಮಾತು ಕೊಟ್ಟವಳು ನಾನೇ.

ಆಕೆ ಹೊಸ್ತಿಲ ಮೇಲೆ ಕೂತಳು. ಕೈ ಅಭ್ಯಾಸಬಲದಿಂದ ಕೊರಳಿಗೆ ಹೋಗಿ, ಏನೂ ಸಿಗದೆ ಮಡಿಲಿಗೆ ಬಿತ್ತು.

"ಅವರ ಮಾತ ಬಿಡು. ನೀ ಯಾರಿಗಿ ಹಾಕ್ದಿ, ಖರೇ ಹೇಳು. ನೀ ಹೇಳಿದ್ದ ನಂಬ್ತೀನಿ."

ನನ್ನ ಚೀಟಿಯೂ ಅದೇ ಡಬ್ಬಿಯಲ್ಲಿತ್ತು. ಭುವನೇಶ್ವರಿ ಎಂದು ಬರೆದಿದ್ದೆ. ದ್ವೇಷವೇನಿರಲಿಲ್ಲ. ಹದಿನೆಂಟು ವರ್ಷ ಬೆಳಗಾದರೆ ಆ ಬೈಗುಳ ಕೇಳಿ ಕೇಳಿ ದಣಿದಿದ್ದೆ, ಅಷ್ಟೇ. ಹೇಗೂ ಉಳಿದವರೆಲ್ಲ ಆಕೆಗೇ ಹಾಕುತ್ತಾರೆ, ನನ್ನದೊಂದರಿಂದ ಏನಾದೀತು ಅಂದುಕೊಂಡಿದ್ದೆ. ಮೂವತ್ತು ಮಂದಿಯೂ ಹಾಗೇ ಅಂದುಕೊಂಡಿರಬೇಕು.

"ನಿನಗೇ ಹಾಕೀನಿ ಅಕ್ಕಾ," ಎಂದೆ.

ಇಂದ್ರಾಬಾಯಿ ನನ್ನ ಕೈ ಹಿಡಿದುಕೊಂಡು, "ನೀ ಒಬ್ಬಾಕಿ ಖರೇ ಹೇಳ್ತಿ ಅಂತ ಗೊತ್ತಿತ್ತು," ಎಂದಳು. ಮೊಣಕಾಲಿಗೆ ಕೈಕೊಟ್ಟು ಎದ್ದು ಹೋದಳು. ಇಪ್ಪತ್ತಮೂರನೆಯವಳು ನಾನು.

ಮೊಬೈಲು ಬಡಿದುಕೊಳ್ಳುತ್ತಿತ್ತು. ಹತ್ತು ಚೌಕಗಳಲ್ಲಿ ಹತ್ತು ಮುಖ ಕಾಯುತ್ತಿದ್ದವು. ಗುಟ್ಟಿನ ಚೀಟಿ ಬಂದ ಮೇಲೆ ನಿಮ್ಮ ಹೆಂಗಸರಿಗೆ ನಿಜ ಹೇಳುವ ಧೈರ್ಯ ಬಂತೇ ಎಂದು ಸ್ನೇಹಲ್ ಮೇಡಂ ಬಹಳ ಆಸೆಯಿಂದ ಕೇಳಿದರು. ನೆಟ್‌ವರ್ಕ್ ಸರಿಯಿಲ್ಲ ಮೇಡಂ ಎಂದು ಹೇಳಿ ಕ್ಯಾಮೆರಾ ಮುಚ್ಚಿದೆ.