ಊರಿಗೆ ಕಳಿಸಿದ ಮಗಳು

ಐರ್ಲೆಂಡಿನ ಡ್ರೋಹೆಡಾ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರ್ಪಿತಾ ಭಾನುವಾರ ರಜೆ ಸಿಕ್ಕರೆ ದೋಸೆ ಹುಯ್ಯುತ್ತಿದ್ದಳು. ಗಂಡ ಮಿಥುನ್ ಮೈಸೂರಿನಲ್ಲಿದ್ದ ತಾಯಿ ಸಾವಿತ್ರಮ್ಮನಿಗೆ ವಿಡಿಯೊ ಕಾಲ್ ಮಾಡುತ್ತಿದ್ದ. ಐದು ವರ್ಷದ ತನ್ವಿ ತಟ್ಟೆ ಬಿಟ್ಟು ಫೋನಿಗೆ ಓಡುತ್ತಿದ್ದಳು. ಅವಳಿಗೆ ಅಜ್ಜಿಯೇ ಅಮ್ಮ.

ಮಗುವಿನ ತಪ್ಪೇನಿಲ್ಲ. ಹೆರಿಗೆ ರಜೆ ಮುಗಿದಾಗ ಕೂಸುಗಳನ್ನು ನೋಡಿಕೊಳ್ಳುವ ಕ್ರೆಶ್‌ನಲ್ಲಿ ಜಾಗ ಸಿಗಲಿಲ್ಲ. ಅರ್ಪಿತಾಳದು ಶಿಫ್ಟ್ ಕೆಲಸ. ಮಿಥುನ್ ಕೆಲಸಕ್ಕೆಂದು ಡಬ್ಲಿನ್‌ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಎಲ್ಲರೂ ಊರಿಗೇ ಕಳಿಸುವುದು ಎಂದು ಪರಿಚಯದವರು ಹೇಳಿದರು. ನಮ್ಮವರಲ್ಲಿ ಅದೊಂದು ವಾಡಿಕೆಯೇ ಆಗಿಬಿಟ್ಟಿದೆ. ಇನ್ನೂ ಹಾಲು ಬಿಡದ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಅರ್ಪಿತಾ ವಿಮಾನ ಹತ್ತಿದಳು. ಎದೆ ಕಟ್ಟಿಕೊಂಡಾಗಲೆಲ್ಲ ಬಾತ್‌ರೂಮಿನಲ್ಲಿ ಹಾಲು ಹಿಂಡಿ ಚೆಲ್ಲಿದಳು.

ಶಾಲೆಗೆ ಸೇರಿಸಲು ಮಗಳನ್ನು ಕರೆತಂದಾಗ ಅವಳು ತಾಯಿಯ ಕೈತುತ್ತು ತಿನ್ನಲಿಲ್ಲ. ಒಮ್ಮೆ ಜ್ವರ ಬಂದಾಗ ಅರ್ಪಿತಾ ಹಣೆ ಮುಟ್ಟಿದರೆ, ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ "ಐಮ್ ಗ್ರ್ಯಾಂಡ್", ನನಗೇನೂ ಆಗಿಲ್ಲ, ಎಂದು ಗೋಡೆಯ ಕಡೆ ಹೊರಳಿದಳು.

ಬೇಸಿಗೆಗೆ ಸಾವಿತ್ರಮ್ಮ ಬಂದರು. ತನ್ವಿ ಒಂಟಿ, ಇನ್ನೊಂದು ಮಗು ಬೇಗ ಆಗಲಿ ಎಂದು ಬಂದ ದಿನವೇ ಶುರುಮಾಡಿದರು. ಅರ್ಪಿತಾಗೆ ಆಸೆ ಇರಲಿಲ್ಲವೆಂದಲ್ಲ. ಆ ಆಸೆಯ ಬೆನ್ನಿಗೇ ಹೆದರಿಕೆಯೂ ಬರುತ್ತಿತ್ತು.

"ನೀನು ಹೆತ್ತು ಕೊಡು ಸಾಕು," ಎಂದರು ಅತ್ತೆ ಊಟಕ್ಕೆ ಕೂತಾಗ. "ಅದನ್ನೂ ನಾನೇ ಸಾಕ್ತೀನಿ. ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ಲ."

"ನೀವು ಚೆನ್ನಾಗೇ ಸಾಕಿದ್ರಿ ಅತ್ತೆ. ಆದ್ರೆ ನಿಮ್ಮಿಂದ ಕಿತ್ಕೊಂಡು ಬಂದಾಗ ಅವಳು ಎಷ್ಟು ಅತ್ತಳು."

"ಮಕ್ಕಳು ಮರೀತಾವೆ ಬಿಡು."

"ಹೌದು, ಮರೆತಳು. ನನ್ನನ್ನ."

ಅರ್ಪಿತಾ ಗಂಡನ ಕಡೆ ತಿರುಗಿದಳು. "ಇಲ್ಲೇ ಸಾಕೋದಾದ್ರೆ ಮಾತ್ರ ಇನ್ನೊಂದು ಮಗು. ನೀನೂ ರಜೆ ಹಾಕ್ಬೇಕು ಮಿಥುನ್."

ಪ್ರಮೋಷನ್ ಹತ್ತಿರದಲ್ಲಿದೆ, ಈಗ ರಜೆ ಕೇಳುವುದು ಕಷ್ಟ ಎಂದು ಅವನು ಗೊಣಗಿದ.

"ಹಾಗಾದ್ರೆ ಒಬ್ಬಳೇ ಸಾಕು," ಎಂದು ಅವಳು ತಟ್ಟೆ ಎತ್ತಿದಳು.

ಸೊಸೆಗೆ ಹಟ ಎಂದು ಸಾವಿತ್ರಮ್ಮ ಹೊರಡುವವರೆಗೂ ಸರಿಯಾಗಿ ಮಾತಾಡಲಿಲ್ಲ. ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ತನ್ವಿ ಅಜ್ಜಿಯ ಸೆರಗು ಹಿಡಿದು, ತನ್ನನ್ನೂ ಕರೆದುಕೊಂಡು ಹೋಗೆಂದು ಚೀರಿದಳು. ಸಾವಿತ್ರಮ್ಮ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅವರು ಮಗನ ಮುಖ ನೋಡಿದರು.

"ರಜೆ ಕೇಳೋ ಮಿಥುನ್. ಇನ್ನೊಂದು ಮಗೂನ ಹೀಗೆ ಬಿಟ್ಟುಕೊಡೋಕೆ ನನ್ನ ಕೈಲಾಗಲ್ಲ."

ಅರ್ಪಿತಾ ಮಗಳನ್ನು ಎತ್ತಿಕೊಂಡಳು. ತನ್ವಿ ಕೊಸರಾಡಿದಳು. ಅರ್ಪಿತಾ ಬಿಡಲಿಲ್ಲ.