ಎರಡು ಮನೆ ಮೇಲಕ್ಕೆ ಸರಿದ ಪೇಟಿ

ನಾನು ಒಂದು ಪೇಟಿ. ಪುಸ್ತಕದಲ್ಲಿ ನನ್ನನ್ನು ಹಾರ್ಮೋನಿಯಂ ಎಂದು ಬರೆಯುತ್ತಾರೆ. ಆದರೆ ಗದಗ, ಹುಬ್ಬಳ್ಳಿ ಕಡೆಯವರು ಪೇಟಿ ಎಂದಾಗಲೇ ನನ್ನನ್ನು ಯಾರೋ ಕರೆದರು ಅನಿಸುತ್ತದೆ. ಹುಟ್ಟಿದ್ದು ಮಿರಜದ ಒಂದು ಓಣಿಯಲ್ಲಿ. ಅಣ್ಣ ಸಾಗವಾನಿ ಹಲಗೆ ಕೂಡಿಸಿ ಮೈ ಮಾಡಿದ, ತಮ್ಮ ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಕೆರೆದು ಸುರಕ್ಕೆ ತಂದ. ಅವರಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತಂತೆ. ಆದರೂ ನಾನು ಸುರದಲ್ಲಿ ಸರಿಯಾಗಿಯೇ ಹುಟ್ಟಿದೆ. ಮನುಷ್ಯರ ಹೊಟ್ಟೆಯುರಿ ಮರಕ್ಕೆ ಹತ್ತುವುದಿಲ್ಲ ಎಂದು ಆಗ ನಂಬಿದ್ದೆ. ಎಳೆಯ ವಯಸ್ಸು, ಏನು ತಿಳಿದೀತು.

ನನ್ನಲ್ಲಿ ಒಂದು ವಿಶೇಷವಿದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಬದುಕು ಕೆಟ್ಟದ್ದೇ ಅದರಿಂದ. ಪೇಟಿಯ ಮೇಲೆ ಕರಿ ಮತ್ತು ಬಿಳಿ ಮನೆಗಳ ಸಾಲಿರುತ್ತದಲ್ಲ, ನನ್ನಲ್ಲಿ ಆ ಸಾಲು ಇಡಿಯಾಗಿ ಅತ್ತಿತ್ತ ಸರಿಯುತ್ತದೆ. ಎಡಬದಿಯಲ್ಲಿ ಒಂದು ಹಿತ್ತಾಳೆಯ ಹಿಡಿ ಇದೆ. ಅದನ್ನು ತಿರುಗಿಸಿ ಸರಿಸಿದರೆ, ನುಡಿಸುವವನ ಬೆರಳು ಮೊದಲಿನ ಮನೆಯ ಮೇಲೆಯೇ ಇರುತ್ತದೆ, ಹೊರಡುವ ಸುರ ಮಾತ್ರ ಬೇರೆ. ಎದುರು ಕೂತವರ ಕಣ್ಣಿಗೆ ಇದು ಕಾಣುವುದೇ ಇಲ್ಲ.

ನನ್ನನ್ನು ಮೊದಲು ಕೊಂಡವನು ಒಂದು ನಾಟಕ ಕಂಪನಿಯ ಪೇಟಿ ಮಾಸ್ತರ. ಹಾಡುವ ನಟಿಯ ಗಂಟಲು ಕೂತಿದೆ ಎಂದು ತಿಳಿದರೆ ಅವನು ಯಾರಿಗೂ ಕಾಣದ ಹಾಗೆ ಹಿಡಿಯನ್ನು ಒಂದು ಮನೆ ಕೆಳಕ್ಕೆ ಸರಿಸುತ್ತಿದ್ದ. ಆಕೆ ಅವನ ಬೆರಳು ನೋಡುತ್ತಿದ್ದಳು, ಯಾವತ್ತಿನ ಮನೆಯೇ. ನಿಶ್ಚಿಂತೆಯಿಂದ ಹಾಡಿ, ಜ್ವರದಲ್ಲೂ ನನ್ನ ದನಿ ಜಗ್ಗಲಿಲ್ಲ ನೋಡಿ ಎಂದು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದಳು. ಮಾಸ್ತರ ಎಲೆ ಅಡಿಕೆ ಮೆಲ್ಲುತ್ತ ಸುಮ್ಮನಿರುತ್ತಿದ್ದ. ಬಾಯಿಬಿಡದೆ ಮಾಡುವ ಉಪಕಾರ ಎಂದರೆ ಏನೆಂದು ನಾನು ಅವನಿಂದ ಕಲಿತೆ. ಅದೇ ಹಿಡಿಯಿಂದ ಬೇರೆ ಕೆಲಸವನ್ನೂ ಮಾಡಬಹುದು ಎಂಬುದು ನನಗೆ ಹೊಳೆದಿರಲಿಲ್ಲ.

ಕಂಪನಿ ಮುಚ್ಚಿತು. ನಾನು ಗದಗಿನ ಒಂದು ಛಾಪಖಾನೆಯ ಅಂದಾನೆಪ್ಪನ ಪಾಲಿಗೆ ಬಂದೆ. ಆತ ಅಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಬೆರಳಲ್ಲಿ ಮಸಿ, ಮೈಗೆಲ್ಲ ಸೀಮೆ ಎಣ್ಣೆಯ ವಾಸನೆ. ನನ್ನನ್ನು ಮುಟ್ಟುವ ಮೊದಲು ಮಾತ್ರ ಮೂರು ಸಲ ಕೈ ತೊಳೆಯುತ್ತಿದ್ದ. ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ಸಂಗೀತ ಸಭೆಯ ಪರೀಕ್ಷೆಗೆ ಹಾಡಲು ಹೋಗಿ, ದನಿ ಸಾಲದು ಎನಿಸಿಕೊಂಡು ವಾಪಸು ಬಂದವನು ಅವನು. ಅಲ್ಲಿಂದ ಹಾಡುವುದು ಬಿಟ್ಟು ನುಡಿಸುವುದಕ್ಕೆ ನಿಂತಿದ್ದ. ನನ್ನ ಮೇಲೆ ಅವನಿಗಿದ್ದ ಪ್ರೀತಿ ಸುಳ್ಳಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ರವಿವಾರ ಛಾಪಖಾನೆಗೆ ರಜೆ. ಮಧ್ಯಾಹ್ನ ಊಟ ಮುಗಿಸಿ ಅಂದಾನೆಪ್ಪ, ಮಷಿನ್ ನಡೆಸುವ ಗೌಸುಸಾಬ, ಹಾಳೆ ಮಡಚುವ ಫಕೀರವ್ವ, ಈ ಮೂವರು ಕಾಗದದ ರಿಮ್ಮುಗಳ ನಡುವೆ ಚಾಪೆ ಹಾಸಿ ಕೂಡುತ್ತಿದ್ದರು. ಅಲ್ಲೊಂದು ಪದ್ಧತಿ ಇತ್ತು. ಒಬ್ಬೊಬ್ಬರು ಪಾಳಿಯಂತೆ ತಮಗೆ ಸೇರುವ ಒಂದು ಹಾಡು ಹೇಳಬೇಕು, ಅದು ಯಾಕೆ ಸೇರುತ್ತದೆ ಎಂಬುದನ್ನೂ ಹೇಳಬೇಕು. ಸುಳ್ಳು ಹೊಗಳಿಕೆ ನಡೆಯುವಂತಿಲ್ಲ. ಗೌಸುಸಾಬ ಕವ್ವಾಲಿ ಅಂದರೆ ಊಟ ಬಿಡುವವ. ಮಸಿಯ ಖಾಲಿ ಡಬ್ಬಿಯನ್ನೇ ಬಡಿದು, ಉರುಸಿನಲ್ಲಿ ಮೊದಲ ಸಲ ಚಪ್ಪಾಳೆಗೆ ಚಪ್ಪಾಳೆ ಕೂಡಿಸಿದ ದಿನ ಹೇಗೆ ಅಂಗೈ ಬಾತಿತ್ತು ಎಂದು ಹೇಳುತ್ತಿದ್ದ. ಅಂದಾನೆಪ್ಪನಿಗೆ ಹಳೆಯ ರಂಗಪದಗಳು, ಅದರಲ್ಲೂ ಭೀಮಪಲಾಸ ರಾಗದವು. ಒಂಬತ್ತು ವರ್ಷದವನಿದ್ದಾಗ ಮಠದ ಭಜನೆಯಲ್ಲಿ ಕದ್ದು ಪೇಟಿಯ ಒಂದು ಮನೆ ಒತ್ತಿದ್ದನ್ನು ಅವನು ನೂರು ಸಲವಾದರೂ ಹೇಳಿದ್ದಾನೆ. ಪ್ರತಿ ಸಲವೂ ಗೌಸುಸಾಬ ಮೊದಲ ಸಲ ಕೇಳಿದವನ ಹಾಗೆ ತಲೆ ಆಡಿಸುತ್ತಿದ್ದ.

ಫಕೀರವ್ವ ಮಾತ್ರ, "ನೀವು ಹೇಳಿದ್ದ ನನಗೂ ಸೇರತೈತ್ರಿ ಮಾಸ್ತರ," ಎಂದು ನಕ್ಕುಬಿಡುತ್ತಿದ್ದಳು. ಹಾಳೆ ಮಡಚುತ್ತ ಅವಳು ಗುನುಗುವುದನ್ನು ಕೇಳಿ ಅಂದಾನೆಪ್ಪನೇ ಅವಳನ್ನು ಚಾಪೆಗೆ ಕರೆದದ್ದು. ನಾಲ್ಕು ವರ್ಷ ಕೂರಿಸಿ ಕಲಿಸಿದ. ಅವಳ ಸುರ ಕರಿ ನಾಲ್ಕು, ಅಂದರೆ ನನ್ನ ನಾಲ್ಕನೆಯ ಕರಿ ಮನೆ. ಅಲ್ಲಿಂದ ಹೊರಟರೆ ಮೇಲಿನ ಪಂಚಮದವರೆಗೆ ಎಲ್ಲೂ ಎಡವದೆ ಹೋಗಿ ಬರುತ್ತಿದ್ದಳು. ಆ ದನಿಯ ಜೊತೆ ನುಡಿಯುವಾಗ ನನ್ನ ತಿದಿಗೆ ಗಾಳಿ ಸಾಲದು ಅನಿಸುತ್ತಿತ್ತು. ಅವಳನ್ನು ನಾನು ತುಂಬಾ ಹಚ್ಚಿಕೊಂಡಿದ್ದೆ.

ತಾನು ವಾಪಸು ಬಂದಿದ್ದ ಆ ಹುಬ್ಬಳ್ಳಿಯ ಸಭೆಗೇ ಅಂದಾನೆಪ್ಪ ಅವಳ ಹೆಸರು ಕಳಿಸಿದ. ಸಭೆಯವರು ವರ್ಷಕ್ಕೆ ಒಬ್ಬರನ್ನು ಆರಿಸಿ, ಊಟ ವಸತಿ ಕೊಟ್ಟು, ದೊಡ್ಡ ಗುರುಗಳ ಮುಂದೆ ಕೂರಿಸುತ್ತಿದ್ದರು. ಇಪ್ಪತ್ತೈದು ತುಂಬಿದವರಿಗೆ ಅವಕಾಶವಿಲ್ಲ. ಫಕೀರವ್ವನಿಗೆ ಇಪ್ಪತ್ತನಾಲ್ಕು ತುಂಬಿತ್ತು. ಈ ಸಲ ಆದರೆ ಹಾಡು, ಇಲ್ಲದಿದ್ದರೆ ಹಾಳೆ ಮಡಚುವುದು. ಅದು ಅವಳಿಗೂ ಗೊತ್ತಿತ್ತು.

ಪರೀಕ್ಷೆಯ ಹಿಂದಿನ ರವಿವಾರ ಅಂದಾನೆಪ್ಪ ಬಹಳ ಖುಷಿಯಲ್ಲಿದ್ದ.

"ಇವತ್ತ ಫಕೀರವ್ವನ ಪಾಳಿ," ಎಂದ. "ನಾವು ಹೇಳಿದ್ದ ತಿರುಗಿ ಹೇಳಬ್ಯಾಡ. ನಿನಗ ಭಾಳ ಸೇರೂ ಹಾಡು ಯಾವುದು, ಹೇಳು."

"ಖರೇ ಹೇಳ್ಲೇನ್ರಿ ಮಾಸ್ತರ?"

"ಮತ್ತ? ಇಲ್ಲೆ ಸುಳ್ಳ ನಡಿಯೂದಿಲ್ಲವಾ."

"ನಮ್ಮವ್ವ ಬೀಸೂ ಮುಂದ ಹಾಡತಿದ್ಲರಿ, ಆ ಪದ. ಅದಕ್ಕ ಪೇಟಿ ಇದ್ದಿಲ್ಲ, ತಬಲಾ ಇದ್ದಿಲ್ಲ. ಪೇಟಿ ಜೋಡಿ ಹಾಡಿದ್ರ ಯಾರೋ ಕೈ ಹಿಡಕೊಂಡು ನಡಿಸಿದಂಗ ಅನ್ನಸ್ತೈತ್ರಿ. ಅದಿಲ್ದ ಹಾಡಿದ್ರ ದನಿ ಹಗುರ ಆಗತೈತಿ."

ಹಾಗೆಂದು ಎರಡು ಸಾಲು ಹಾಡಿದಳು. ನನ್ನ ಹಂಗಿಲ್ಲದೆ. ಗೌಸುಸಾಬ ಕಣ್ಣು ಒರೆಸಿಕೊಂಡು, "ಅಂದಾನೆಪ್ಪಣ್ಣ, ಇಷ್ಟ ದಿನದಾಗ ಈ ಹುಡುಗಿ ಇವತ್ತ ಹಾಡಿದ್ಲು ನೋಡು," ಎಂದ. ಅಂದಾನೆಪ್ಪ ನಕ್ಕ. "ಹಂಗಾರ ನಮ್ಮ ಪೇಟಿ ಬ್ಯಾಡಾತು," ಎಂದ, ತಮಾಷೆಗೆ ಅಂದವನ ಹಾಗೆ. ಆದರೆ ಅವನ ಬೆರಳು ನನ್ನ ಮೇಲೆ ಇತ್ತು. ತಿದಿ ಮುಚ್ಚಿತ್ತು, ದನಿ ಬರುವಂತಿರಲಿಲ್ಲ, ಆದರೂ ಆತ ಮನೆಯನ್ನು ಬಲವಾಗಿ ಒತ್ತಿ ಹಿಡಿದಿದ್ದ. ನಾಲ್ಕು ವರ್ಷ ಕಲಿಸಿದವನ ಎದುರೇ ಹೀಗಂದರೆ ನೋವಾಗುವುದಿಲ್ಲವೇ. ನಿಜ ಹೇಳುತ್ತೇನೆ, ನನಗೂ ಆಯಿತು. ಖರೇ ಹೇಳು ಎಂದು ಗಂಟು ಬಿದ್ದು ಕೇಳಿದವರು ನಾವೇ ಎಂಬುದನ್ನು ನಾವಿಬ್ಬರೂ ಮರೆತೆವು.

ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋದೆವು. ಕುಲುಕಾಟಕ್ಕೆ ಸುರ ಕೆಟ್ಟೀತೆಂದು ಫಕೀರವ್ವ ನನ್ನನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದಳು. ಸಭೆಯ ಪಡಸಾಲೆಯಲ್ಲಿ ಪಾಳಿ ಕಾಯುತ್ತ ಕೂತೆವು.

"ನೀವದೀರಲ್ರಿ ಮಾಸ್ತರ, ನನಗ ಅಂಜಿಕಿಲ್ಲ," ಎಂದಳು.

"ಹೋಗು, ಒಂದೀಟ ನೀರ ಕುಡದ ಬಾ," ಎಂದ ಆತ.

ಅವಳು ಎದ್ದು ಹೋದಳು. ಅಂದಾನೆಪ್ಪ ನನ್ನ ಮುಚ್ಚಳ ತೆಗೆದು ಹಿಡಿಯನ್ನು ತಿರುಗಿಸಿದ. ಒಂದು ಮನೆ ಮೇಲಕ್ಕೆ ಸರಿಸಿ ನಿಂತ. ನಾಟಕದ ಮಾಸ್ತರನಂತೆ ಇವನೂ ಏನೋ ಒಳ್ಳೆಯದಕ್ಕೇ ಮಾಡುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಇನ್ನೊಂದು ಮನೆ ಸರಿಸಿದ. ಅಷ್ಟು ಎತ್ತರದಿಂದ ಹೊರಟರೆ ಅವಳ ದನಿ ಮೇಲಿನ ಪಂಚಮ ಮುಟ್ಟಲಾರದು ಎಂದು ಆಗ ತಿಳಿಯಿತು.

ತಬಲಾದವರು ಸಭೆಯವರೇ. ಅಂದಾನೆಪ್ಪ ಒತ್ತಿ ತೋರಿಸಿದ ಸುರಕ್ಕೆ ಸುತ್ತಿಗೆ ಬಡಿದು ತಬಲಾ ಕೂಡಿಸಿಕೊಂಡರು. ಶುರುವಿಗೇ ಫಕೀರವ್ವನ ಹುಬ್ಬು ಗಂಟಾಯಿತು. ಅವನ ಬೆರಳು ನೋಡಿದಳು. ಕರಿ ನಾಲ್ಕು. ಹೆದರಿಕೆಗೆ ಹೀಗೆ ಅನಿಸುತ್ತದೆ ಎಂದುಕೊಂಡಿರಬೇಕು, ಹಾಡತೊಡಗಿದಳು. ಮಧ್ಯದವರೆಗೆ ಹೇಗೋ ನಡೆಯಿತು. ಮೇಲಿನ ಪಂಚಮಕ್ಕೆ ಕೈ ಚಾಚಿದಾಗ ದನಿ ಬಿರುಕು ಬಿಟ್ಟಿತು. ಮತ್ತೊಮ್ಮೆ ಹೋದಳು, ಮತ್ತೊಮ್ಮೆ ಒಡೆಯಿತು. ಆ ಹೊತ್ತಿಗೆ ನಾನು ಒಂದು ರೀಡು ಕಚ್ಚಿಕೊಂಡು ಕೆಟ್ಟು ಕೂತಿದ್ದರೆ ಸಾಕಿತ್ತು. ಬೇರೆ ಪೇಟಿ ತರಿಸುತ್ತಿದ್ದರು, ಅವಳು ಬದುಕುತ್ತಿದ್ದಳು. ಪೇಟಿಗಳು ಹಾಗೆ ಕೈಕೊಡುವುದು ಉಂಟು. ನಾನು ಕೊಡಲಿಲ್ಲ. ರವಿವಾರದ ಆ ಮಾತು ನನ್ನೊಳಗೆ ಇನ್ನೂ ಆರಿರಲಿಲ್ಲ.

"ದನಿ ಚಲೋ ಐತಿ ತಂಗಿ," ಎಂದರು ಪರೀಕ್ಷೆಗೆ ಕೂತಿದ್ದ ಹಿರಿಯರು, ಮೆತ್ತಗೆ. "ಆದ್ರ ಮ್ಯಾಲ ಮುಟ್ಟೂದಿಲ್ಲ. ಇದು ಕಲಿಸಿದ್ರ ಬರೂದಲ್ಲ."

ವಾಪಸು ಬರುವಾಗಲೂ ನಾನು ಅವಳ ತೊಡೆಯ ಮೇಲೇ ಇದ್ದೆ. "ನಾಕ ವರ್ಷ ನೀವು ಪಟ್ಟ ಕಷ್ಟಾ ಎಲ್ಲಾ ಮಣ್ಣಪಾಲ ಮಾಡಿದ್ನಿರಿ ಮಾಸ್ತರ, ನನ್ನ ಕ್ಷಮಿಸ್ರಿ," ಎಂದು ಅವಳೇ ಅವನಲ್ಲಿ ಬೇಡಿಕೊಂಡಳು. ಅಂದಾನೆಪ್ಪ ಕಿಟಕಿಯ ಹೊರಗೆ ನೋಡುತ್ತ, "ದೇವರು ಎಲ್ಲಾರಿಗೂ ಎಲ್ಲಾ ಕೊಡೂದಿಲ್ಲವಾ," ಎಂದ. ಅಷ್ಟು ಹೇಳಲು ಅವನಿಗೆ ಬಾಯಿ ಹೇಗೆ ಬಂತೋ, ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಫಕೀರವ್ವ ಹಾಡುವುದನ್ನು ಬಿಟ್ಟಳು. ಹಾಳೆ ಮಡಚುವಾಗ ಗುನುಗುವುದನ್ನೂ ಬಿಟ್ಟಳು. ರವಿವಾರದ ಚಾಪೆ ಮತ್ತೆ ಹಾಸಲಿಲ್ಲ. ಅಂದಾನೆಪ್ಪ ಕೂಡ ನನ್ನ ಮುಚ್ಚಳ ತೆಗೆಯಲಿಲ್ಲ, ಸರಿಸಿದ ಹಿಡಿಯನ್ನು ಹಿಂದಕ್ಕೆ ತರುವ ಧೈರ್ಯವೂ ಅವನಿಗಾಗಲಿಲ್ಲ. ಮುಂದಿನ ವರ್ಷ ಬೆಟಗೇರಿಯ ನೇಕಾರರ ಮನೆಗೆ ಅವಳ ಮದುವೆಯಾದಾಗ ನನ್ನನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತಂದು ಉಡುಗೊರೆ ಕೊಟ್ಟ. ಅವಳು ಅವನ ಕಾಲಿಗೆ ಬಿದ್ದಳು. ನೋಡಿದವರೆಲ್ಲ ಎಂಥ ದೊಡ್ಡ ಮನಸ್ಸು ಎಂದರು. ಕಣ್ಣೆದುರು ಇಟ್ಟುಕೊಳ್ಳಲಾರದ್ದನ್ನು ಅವಳ ತಲೆಗೆ ಕಟ್ಟಿ ಹೋದ ಎಂದು ನನಗೊಬ್ಬನಿಗೇ ಗೊತ್ತು.

ಅವಳ ಮನೆಯಲ್ಲಿ ನಾನು ಮೂವತ್ತೊಂದು ವರ್ಷ ಗೋಡೆಯ ಮಾಡದಲ್ಲಿ ಕೂತೆ. ದಸರೆಗೆ ಕುಂಕುಮ, ಚೆಂಡು ಹೂವು, ಊದಿನಕಡ್ಡಿ. ಬಂದವರಿಗೆಲ್ಲ ನನ್ನನ್ನು ತೋರಿಸಿ, "ಕಲಿಸಿದವರು ದೇವರಂಥವರು. ನನ್ನ ದನೀನ ಸಾಲಲಿಲ್ಲ," ಎನ್ನುತ್ತಿದ್ದಳು. ಎರಡು ಮಕ್ಕಳಾದವು. ಅವನ್ನು ಬೆನ್ನು ತಟ್ಟಿ ಮಲಗಿಸಿದಳೇ ಹೊರತು ಒಂದು ಜೋಗುಳ ಹಾಡಲಿಲ್ಲ. ಅಂದಾನೆಪ್ಪ ತೀರಿಕೊಂಡಾಗ ಹೋಗಿ ಅತ್ತು ಬಂದಳು. ಮೇಲೆ ಕೂತು ಇದನ್ನೆಲ್ಲ ನೋಡುವುದು ಎಂಥ ಶಿಕ್ಷೆ ಎಂದು ಹೇಳಿದರೆ ತಿಳಿಯುವಂಥದಲ್ಲ. ಹಚ್ಚಿದ ಕುಂಕುಮ ಉರಿಯುತ್ತಿತ್ತು.

ಹೋದ ವರ್ಷ ಓಣಿಯ ಹೆಂಗಸರು ಭಜನೆಗೆ ಪೇಟಿ ಕೇಳಿದರು. ಸುಮ್ಮನೆ ಕೂತದ್ದು ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಫಕೀರವ್ವ ರಿಪೇರಿಯ ಮೌನೇಶನನ್ನು ಕರೆಸಿದಳು. ಅವನು ನನ್ನನ್ನು ಬಿಚ್ಚಿ, ಊದಿ, ದೂಳು ಒರೆಸಿ, ಎಡಬದಿಗೆ ಬಂದು ನಿಂತ.

"ಅವ್ವಾರ, ಈ ಹಿಡಿ ತುಕ್ಕ ಹಿಡದ ಕೂತಬಿಟ್ಟೈತ್ರಿ. ಎರಡ ಮನಿ ಮ್ಯಾಲ ಸರಿಸ್ಯಾರ. ನಿಮ್ಮ ಪೇಟಿ ಯಾರು ನುಡಸ್ತಿದ್ರು?"

"ನಮ್ಮ ಮಾಸ್ತರ. ನನ್ನ ಪರೀಕ್ಷಾ ಆದ ಮ್ಯಾಲ ಅದನ್ನ ಯಾರೂ ತಗದಿಲ್ಲ. ಸರಿಸೂದಂದ್ರ ಏನಪಾ?"

ಮೌನೇಶ ತೋರಿಸಿ ಹೇಳಿದ. ಬೆರಳು ಕರಿ ನಾಲ್ಕರ ಮೇಲೇ ಇದ್ದರೂ ಸುರ ಎರಡು ಮನೆ ಏರಿರುತ್ತದೆ ಎಂದ.

"ಹಾಡಾವರಿಗೆ ಗೊತ್ತಾಗೂದಿಲ್ಲೇನು?"

"ಬೆರಳ ನೋಡಿದ್ರ ಗೊತ್ತಾಗೂದಿಲ್ರಿ. ನುಡಸಾಂವಗಷ್ಟ ಗೊತ್ತು."

ಅವಳು ಗೋಡೆಗೆ ಒರಗಿ ಕೂತಳು. ಮೌನೇಶ ಎಣ್ಣೆ ಬಿಟ್ಟು ಹಿಡಿಯನ್ನು ಸಡಿಲಿಸಿ, ಮೊದಲಿದ್ದ ಜಾಗಕ್ಕೆ ತಂದು, ಕರಿ ನಾಲ್ಕು ಒತ್ತಿದ. ಆ ಸುರ ಕೇಳಿದ್ದೇ ಫಕೀರವ್ವ ಬಾಯಿ ತೆರೆದಳು. ಐವತ್ತಾರರ ಒಣ ದನಿ, ಎಷ್ಟೋ ವರ್ಷ ಬಳಸದ ದನಿ. ನಿಧಾನಕ್ಕೆ ಏರಿತು. ಮೇಲಿನ ಪಂಚಮ ಮುಟ್ಟಿತು, ಅಲ್ಲಿ ನಿಂತಿತು, ಒಡೆಯಲಿಲ್ಲ.

ಆಮೇಲೆ ಅವಳು ಅತ್ತಳು. ಎದೆ ಹಿಡಿದುಕೊಂಡು, ಸತ್ತವರ ಮನೆಯಲ್ಲಿ ಅಳುವಂತೆ ಅತ್ತಳು.

"ಎಂಥಾ ದನಿರಿ ಅವ್ವಾರ," ಎಂದ ಮೌನೇಶ ಗಾಬರಿಯಾಗಿ. "ಮೊದಲ ಹಾಡತಿದ್ರೇನು?"

"ಇಲ್ಲಪಾ, ಹಾಡಲಿಲ್ಲ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನ ನೀನ ತಗೊಂಡು ಹೋಗಿ ಬಿಡು. ಬಿಚ್ಚಿ ಬ್ಯಾರೆ ಪೇಟಿಗೆ ಹಾಕು."

"ಇನ್ನೂ ಇಪ್ಪತ್ತ ವರ್ಷ ನುಡೀತೈತ್ರಿ. ಇದರಾಗ ಪೇಟಿದೇನ ತಪ್ಪೈತ್ರಿ?"

ಅವಳು ನನ್ನನ್ನು ನೋಡಿದಳು. "ನಿನ್ನ ದನಿ ಸಾಲೂದಿಲ್ಲ ಅಂತ ಅಂವ ಬಾಯಿಲೆ ಹೇಳಿದ್ರ ನಾ ನಂಬತಿದ್ದಿಲ್ಲ ತಮ್ಮಾ. ಇದು ಹೇಳ್ತು, ಅದಕ್ಕ ನಂಬಿದೆ."

ಮೂವತ್ತೊಂದು ವರ್ಷ ನಾನು ಅಂದಾನೆಪ್ಪನನ್ನು ಬೈಯುತ್ತ ಕಳೆದವನು. ನನ್ನ ಕೈಯಿಂದ ಮಾಡಿಸಿದ, ನನಗೆ ಮೋಸ ಮಾಡಿದ ಎಂದೇ ಹಲುಬಿದ್ದೆ. ಅವಳ ಮಾತು ಕೇಳಿದ ಮೇಲೆ ಬೈಯುವುದಕ್ಕೆ ಬಾಯಿ ಬರುತ್ತಿಲ್ಲ.

ಈಗ ಮೌನೇಶನ ಅಂಗಡಿಯ ಮೂಲೆಯಲ್ಲಿ ಅರ್ಧ ಖಾಲಿಯಾಗಿ ಬಿದ್ದಿದ್ದೇನೆ. ಬೇಕಾದಾಗ ಬೇಕಾದ ರೀಡು ಬಿಚ್ಚಿ ಬೇರೆ ಪೇಟಿಗಳಿಗೆ ಕೂಡಿಸುತ್ತಾನೆ. ಕರಿ ನಾಲ್ಕರ ರೀಡು ಮೊನ್ನೆ ಯಾವುದೋ ಶಾಲೆಯ ಪೇಟಿಗೆ ಹೋಯಿತು. ಅದರ ಮುಂದೆ ಯಾವ ಹುಡುಗಿ ಕೂತು ಹಾಡುತ್ತಾಳೋ, ನುಡಿಸುವವನ ಬೆರಳು ನಂಬಬೇಡ ಎಂದು ಅವಳಿಗೆ ಹೇಳಬೇಕೆನಿಸುತ್ತದೆ. ಹೇಳಲು ದನಿಯಿಲ್ಲ. ಇದ್ದ ದಿನ ಹೇಳಲಿಲ್ಲ.